ಕನ್ನಡದ ತಿರುಳು, ಹೊರಗಿನವರ ಕಣ್ಣು

ಗದುಗಿನ ಮಗ್ಗುಲಲ್ಲಿರುವ ಮಲ್ಲಸಮುದ್ರ ನಮ್ಮೂರು. ಹೆಸರಿನಲ್ಲಿ ಸಮುದ್ರವಿದೆ, ಸುತ್ತಲೂ ಇರುವುದು ಎರೆಯ ಹೊಲ. ಒಮ್ಮೆ ಚೈತ್ರಮಾಸದಲ್ಲಿ ಮೈಸೂರಿನ ಕಡೆಯ ಅಧ್ಯಾಪಕ ಮಿತ್ರರೊಬ್ಬರು ನಮ್ಮ ಮನೆಗೆ ಬಂದಿದ್ದರು. ಬಿರುಕುಬಿಟ್ಟ ಕರಿನೆಲವನ್ನು ಕಂಡು, “ಇಲ್ಲಿ ಏನು ತಾನೇ ಬೆಳೆದೀತು?” ಎಂದರು. ಊಟಕ್ಕೆ ಕುಳಿತಾಗ ನನ್ನ ತಾಯಿ, “ಅಯ್ಯ, ಇಷ್ಟ ಉಂಡ್ರ ಹೆಂಗ್ರೀ? ಸುಮ್ನ ಉಣ್ರಿ!” ಎನ್ನುತ್ತ ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು. ಮಿತ್ರರು ನನ್ನ ಕಿವಿಯಲ್ಲಿ, “ತಾಯಿಯವರಿಗೆ ಸಿಟ್ಟು ಬಂದಿದೆಯೇ?” ಎಂದು ಪಿಸುಗುಟ್ಟಿದರು.

ಅವರನ್ನು ದೂರಲಾರೆ. ಬಯಲುಸೀಮೆಯೆಂದರೆ ಧೂಳು, ಖಾರ, ಒರಟು ಮಾತು ಎಂಬ ಚಿತ್ರವನ್ನು ಅವರು ಮನೆಯಿಂದಲೇ ತಂದಿದ್ದರು. ನಗೆಪಾತ್ರಕ್ಕೆ ನಮ್ಮ ಮಾತನ್ನು ತೊಡಿಸುವ ಚಲನಚಿತ್ರಗಳು ಆ ಚಿತ್ರಕ್ಕೆ ಬಣ್ಣ ಬಳಿದಿವೆ. ನಮ್ಮವರೂ ಕಡಿಮೆಯಲ್ಲ, ಮೈಸೂರಿನವರ ಮೃದುಮಾತಿನ ಹಿಂದೆ ಏನೋ ಲೆಕ್ಕಾಚಾರವಿದೆಯೆಂದು ಸುಮ್ಮನೆ ಶಂಕಿಸುತ್ತಾರೆ. 1956ರ ನವೆಂಬರ್ 1ರವರೆಗೆ ಗದಗು ಮುಂಬಯಿಯ ಆಡಳಿತದಲ್ಲಿತ್ತು. ಸ್ವಾತಂತ್ರ್ಯಕ್ಕೆ ಮುನ್ನ ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿತ್ತು. ಒಂದೇ ನುಡಿಯವರು ಬೇರೆ ಬೇರೆ ಅಂಗಳಗಳಲ್ಲಿ ಬೆಳೆದವರು. ಗಡಿ ಅಳಿಸಿದಷ್ಟು ಬೇಗ ಅಭಿಪ್ರಾಯಗಳು ಅಳಿಯುವುದಿಲ್ಲ.

ನೆಲದ ಮಾತನ್ನು ತಿದ್ದುವುದು ಸುಲಭ. ಎರೆಯ ಭೂಮಿ ಮಳೆಯ ನೀರನ್ನು ಒಡಲಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಮಳೆಗಾಲದ ಕೊನೆಗೆ ಬಿತ್ತಿದ ಹಿಂಗಾರಿ ಜೋಳ ಆ ಹಸಿಯ ಮೇಲೆಯೇ ಬೆಳೆಯುತ್ತದೆ. ಎಳ್ಳಮಾಸಿಗೆ ಚರಗ ಚೆಲ್ಲಲು ಹೊಲಕ್ಕೆ ಹೋದವರಿಗೆ ಕಾಣುವುದು ಹಸುರು. ಚೈತ್ರದಲ್ಲಿ ಬಂದವರು ಉಂಡೆದ್ದ ಎಲೆಯನ್ನು ನೋಡಿ ಅಡಿಗೆಯೇ ಇರಲಿಲ್ಲವೆಂದಂತೆ!

ನುಡಿಯ ಮಾತು ಅಷ್ಟು ಸುಲಭವಲ್ಲ. ಅಲ್ಲಿ ನಾನೇ ಅಪರಾಧಿ.

ಎಂ.ಎ. ಮುಗಿಸಿ ಪಾಠ ಹೇಳತೊಡಗಿದ ಹೊಸತು. 9ನೆಯ ಶತಮಾನದ ‘ಕವಿರಾಜಮಾರ್ಗ’ದ ನಾಡವರ್ಣನೆಯನ್ನು ಓದಿ, ಅರ್ಥ ಕೇಳಿದೆ. ಹಳ್ಳಿಯ ಹುಡುಗಿಯೊಬ್ಬಳು ಎದ್ದುನಿಂತು, “ಕವಿ ನಮ್ಮ ಸೀಮಿ ಬಗ್ಗೆ ಹೇಳಾಕತ್ತಾನ್ರಿ” ಎಂದಳು. “ಶುದ್ಧ ಕನ್ನಡದಲ್ಲಿ ಹೇಳಮ್ಮ” ಎಂದೆ. ತರಗತಿ ನಕ್ಕಿತು. ಆಕೆ ಕುಳಿತುಕೊಂಡಳು, ಆ ವರ್ಷವೆಲ್ಲ ಮತ್ತೆ ಬಾಯಿ ತೆರೆಯಲಿಲ್ಲ.

ಆಕೆ ಹೇಳಿದುದು ಸರಿಯಾಗಿತ್ತು. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ—ಇವುಗಳ ನಡುವಣ ನಾಡನ್ನೇ ಆ ಗ್ರಂಥ ಕನ್ನಡದ ತಿರುಳೆಂದು ಕರೆದಿದೆ. ಕಿಸುವೊಳಲೆಂದರೆ ಇಂದಿನ ಪಟ್ಟದಕಲ್ಲು, ಕೊಪಣವೆಂದರೆ ಕೊಪ್ಪಳ, ಪುಲಿಗೆರೆಯೆಂದರೆ ಲಕ್ಷ್ಮೇಶ್ವರ. ಗದಗು ಈ ನಾಲ್ಕರ ನಡುವೆಯೇ ಇದೆ. 10ನೆಯ ಶತಮಾನದ ಪಂಪನೂ ತನ್ನ ಕಾವ್ಯದ ಭಾಷೆಗೆ ಪುಲಿಗೆರೆಯ ಕನ್ನಡವನ್ನೇ ಹೆಸರಿಸಿದ್ದಾನೆ. ಆ ಪದ್ಯವನ್ನು ಕೈಯಲ್ಲಿ ಹಿಡಿದೇ ನಾನು ಆ ನೆಲದ ಮಗಳನ್ನು ಅಶುದ್ಧಳೆಂದಿದ್ದೆ!

ಸಾವಿರ ವರುಷದ ಹಿಂದಿನ ಹಿರಿಮೆಯನ್ನು ತೋರಿಸಿ ಇತರ ಸೀಮೆಗಳ ಕನ್ನಡವನ್ನು ಕೀಳುಗಳೆಯುವುದೂ ಸಲ್ಲ. ನುಡಿ ಎಲ್ಲೆಡೆ ಬದಲಾಗಿದೆ, ನಮ್ಮಲ್ಲಿಯೂ ಬದಲಾಗಿದೆ. ಬರಹಕ್ಕೆ ಒಂದು ಸಾಮಾನ್ಯ ಭಾಷೆ ಬೇಕು. ಈ ಲೇಖನವೇ ಅದಕ್ಕೆ ಸಾಕ್ಷಿ. ಆದರೆ ಅದನ್ನು ಕಲಿಸಲು ಮನೆಯ ಮಾತಿಗೆ ನಾಚಿಕೆಯನ್ನು ಕಲಿಸಬೇಕಾಗಿಲ್ಲ.

ನನ್ನ ಮಿತ್ರರು ಒಂದು ತಪ್ಪು ಅಭಿಪ್ರಾಯ ಹೊತ್ತು ಬಂದರು; ಸಂಜೆಯ ಹೊತ್ತಿಗೆ ತಾಯಿಯ ಸಿಟ್ಟು ಯಾವ ಬಗೆಯದೆಂದು ಅವರಿಗೆ ತಿಳಿದು, ಬುತ್ತಿಗೆ ನಾಲ್ಕು ರೊಟ್ಟಿ ಕೇಳಿ ಕಟ್ಟಿಸಿಕೊಂಡರು. ಹೊರಗಿನವರ ಕಣ್ಣನ್ನು ನಾವೇ ಇಟ್ಟುಕೊಂಡು ನಮ್ಮ ಮಕ್ಕಳನ್ನು ನೋಡಿದರೆ ಅದನ್ನು ತಿದ್ದುವವರು ಯಾರು? ಈಗ ಆ ಪದ್ಯ ಬಂದಾಗಲೆಲ್ಲ ವಿದ್ಯಾರ್ಥಿಗಳಿಗೆ ಹೇಳುತ್ತೇನೆ: “ಮೊದಲು ನಿಮ್ಮ ಮನೆಯ ಮಾತಿನಲ್ಲಿ ಅರ್ಥ ಹೇಳಿರಿ.” ಹೇಳುತ್ತಾರೆ. ಆದರೆ ಅಂದು ಕುಳಿತವಳ ಮೌನ ಇಂದಿಗೂ ನನ್ನ ಲೆಕ್ಕದಲ್ಲಿ ತೀರದ ಸಾಲವಾಗಿಯೇ ಉಳಿದಿದೆ.