ಕಷಾಯದೊಳಗೊಂದು ನೀಲಿ ಮಿಂಚು!

ನಮ್ಮ ಹಾಲ್‌ನಲ್ಲೊಂದು ಗಾಜಿನ ತೊಟ್ಟಿ ಇದೆ. ಅದರಲ್ಲಿರುವ ನೀರು ಯಾವ ಬಣ್ಣ, ಹೇಳಿ ನೋಡೋಣ!

ತಿಳಿ? ಅಲ್ಲ. ಪಾಚಿ ಹಸಿರು? ಛೆ, ಅಷ್ಟೊಂದು ಸೋಮಾರಿ ನಾನಲ್ಲ. ಹಾಲು ಬೀಳದ ಚಹಾದ ಬಣ್ಣ! ಬಂದ ನೆಂಟರೆಲ್ಲ ಕೇಳುವುದು ಒಂದೇ ಮಾತು: "ನೀರು ಬದಲಾಯಿಸಿ ಎಷ್ಟು ತಿಂಗಳಾಯ್ತು?"

ಇನ್ನೂ ಹತ್ತಿರ ಬನ್ನಿ. ಬಗ್ಗಿ. ಕಂಡಿತಾ? ಆ ಕಂದುಗತ್ತಲಲ್ಲಿ ಸರ್ರನೆ ಒಂದು ನೀಲಿ ಗೀರು! ಅದರ ಕೆಳಗೆ ಉರಿಯುವ ಕೆಂಪು! ಒಂದಲ್ಲ, ಇಪ್ಪತ್ತು!

ಕಾರ್ಡಿನಲ್ ಟೆಟ್ರಾ ಮೀನು. ಉದ್ದ ಮೂರು-ನಾಲ್ಕು ಸೆಂಟಿಮೀಟರ್, ಅಷ್ಟೇ. ಈಗ ಮಜಾ ಕೇಳಿ. ಆ ನೀಲಿ ಗೀರಿನಲ್ಲಿ ನೀಲಿ ಬಣ್ಣವೇ ಇಲ್ಲ! ಚರ್ಮದ ಕೋಶಗಳಲ್ಲಿ ಹರಳಿನ ತೆಳು ಬಿಲ್ಲೆಗಳು ಒಂದರ ಮೇಲೊಂದು ಪೇರಿಸಿಕೊಂಡಿವೆ. ಬಿದ್ದ ಬೆಳಕಿನಲ್ಲಿ ನೀಲಿಯನ್ನಷ್ಟೇ ಅವು ವಾಪಸು ಎಸೆಯುತ್ತವೆ. ರಾತ್ರಿ ದೀಪ ಆರಿಸಿದರೆ ಗೀರೂ ಮಂಕು! ಮೀನು ತಂದ ಮೊದಲ ರಾತ್ರಿ ಟಾರ್ಚ್ ಹಾಕಿ ನೋಡಿ ಎದೆ ಧಸಕ್ಕೆಂದಿತ್ತು. ಎಲ್ಲವೂ ಬಿಳಿಚಿಕೊಂಡಿವೆ, ಕಥೆ ಮುಗಿಯಿತು ಅಂದುಕೊಂಡೆ. ಬೆಳಗ್ಗೆ ನೋಡಿದರೆ ಮತ್ತೆ ಮಿಂಚು!

ಇವುಗಳ ತವರು ಎಲ್ಲಿ? ಅಮೆಜಾನ್ ಕಾಡಿನ ರಿಯೊ ನೆಗ್ರೊ. ಹೆಸರಿನ ಅರ್ಥವೇ ಕಪ್ಪು ನದಿ! ಬ್ರೆಜಿಲ್‌ನ ಮನೌಸ್ ಬಳಿ ಇದು ಕೆಸರು ಬಣ್ಣದ ಸೊಲಿಮೋಯ್ಸ್ ನದಿಯನ್ನು ಸೇರುತ್ತದೆ. ಸೇರುತ್ತದೆಯೇ? ಎಲ್ಲಿಂದ ಬಂತು! ಸುಮಾರು 6 ಕಿಲೋಮೀಟರ್ ಎರಡೂ ಅಕ್ಕಪಕ್ಕ ಹರಿಯುತ್ತವೆ. ಮುನಿಸಿಕೊಂಡ ಓರಗಿತ್ತಿಯರ ಹಾಗೆ, ಬೆರೆಯದೆ!

ಕಪ್ಪೇಕೆ? ಮಳೆಗಾಲದಲ್ಲಿ ಕಾಡೇ ನದಿಯೊಳಗೆ ಮುಳುಗುತ್ತದೆ. ಉದುರಿದ ಎಲೆಗಳೆಲ್ಲ ತಿಂಗಳುಗಟ್ಟಲೆ ನೆನೆಯುತ್ತವೆ. ಇಡೀ ನದಿಯೇ ಕಷಾಯ! ಕಾಡಿನ ಮಣ್ಣು ಬರೀ ಮರಳು, ಹಾಗಾಗಿ ನೀರಿಗೆ ಲವಣ ದಕ್ಕುವುದೇ ಇಲ್ಲ. ಹೆಚ್ಚುಕಡಿಮೆ ಮಳೆನೀರೇ, ಆದರೆ ಹುಳಿ. ಎಷ್ಟು ಹುಳಿ? ಶುದ್ಧ ನೀರಿನ ಪಿಎಚ್ 7. ಇಲ್ಲಿ ಕೆಲವೆಡೆ 4ರ ಹತ್ತಿರ! ಮೂರೇ ಅಂಕಿಯ ಅಂತರ ಅಂದಿರಾ? ಒಂದೊಂದು ಅಂಕಿ ಇಳಿದಾಗಲೂ ಹುಳಿ ಹತ್ತು ಪಟ್ಟು ಏರುತ್ತದೆ. ಲೆಕ್ಕ ಹಾಕಿ... 1000 ಪಟ್ಟು!

ಇಂಥ ನೀರಲ್ಲಿ ಮೀನಿನ ಮೈಯ ಉಪ್ಪೆಲ್ಲ ಕಿವಿರಿನಿಂದ ಸೋರಿಹೋಗಬೇಕು. ಹೋಗುವುದಿಲ್ಲ! ಆ ಸೋರಿಕೆ ತಡೆಯಲು ನೆರವಾಗುವುದು ಯಾವುದು ಗೊತ್ತೇ? ನೀರನ್ನು ಕಪ್ಪಾಗಿಸಿದ ಎಲೆಯ ಸಾರವೇ! ನೆಂಟರು ಕೊಳಕು ಅಂದದ್ದು ಇದನ್ನೇ!

ಇದನ್ನೆಲ್ಲ ಓದುವ ಮೊದಲು ನಾನು ಮಾಡಿದ ಎಡವಟ್ಟು ಕೇಳಿ. ಒಂದು ಭಾನುವಾರ ಉತ್ಸಾಹದಿಂದ ಅರ್ಧ ತೊಟ್ಟಿ ಖಾಲಿ ಮಾಡಿ ಬೋರ್‌ವೆಲ್ ನೀರು ತುಂಬಿದೆ. ಸಂಜೆಗೆ ಏಳು ಮೀನು ಅಂಗಾತ! ಆಗಿದ್ದೇನು? ಹುಳಿ ನೀರಲ್ಲಿ ಕಸ ತಿನ್ನುವ ಬ್ಯಾಕ್ಟೀರಿಯಾ ಮಂದ. ಮೀನಿನ ಹೊಲಸು ಅಮೋನಿಯಂ ಆಗಿ ತೆಪ್ಪಗೆ ಕೂತಿರುತ್ತದೆ, ಅಷ್ಟೇನೂ ಅಪಾಯವಿಲ್ಲ. ಗಡಸು ಬೋರ್ ನೀರು ಬಿದ್ದು ಪಿಎಚ್ ಏರಿತೋ, ಅದೇ ಅಮೋನಿಯಂ ಅಮೋನಿಯ ಆಗುತ್ತದೆ. ವಿಷ! ತೊಳೆಯಲು ಹೋಗಿ ಕೊಂದೆ.

ಈಗ ಅಡುಗೆಮನೆಯ ಆರ್‌ಓ ನೀರು, ಅದಕ್ಕೆ ಒಂಚೂರು ನಲ್ಲಿ ನೀರು. ವಾರಕ್ಕೆ ಹತ್ತನೇ ಒಂದು ಪಾಲಷ್ಟೇ ಬದಲಿ, ಅದೂ ಸಣ್ಣ ಕೊಳವೆಯಲ್ಲಿ ತೊಟ್ಟು ತೊಟ್ಟಾಗಿ.

ಮತ್ತೆ ಕಷಾಯಕ್ಕೆ ಎಲೆ? ಜಗತ್ತಿನಾದ್ಯಂತ ಕಪ್ಪುನೀರ ಮೀನು ಸಾಕುವವರು ಯಾವ ಎಲೆಗೆ ಮುಗಿಬೀಳುತ್ತಾರೆ, ಊಹಿಸಿ! ಅಮೆಜಾನ್‌ದು? ಅಲ್ಲವೇ ಅಲ್ಲ! ಪ್ಲಾಸ್ಟಿಕ್ ಪೊಟ್ಟಣದಲ್ಲಿ ಎಣಿಸಿ ಎಣಿಸಿ ಮಾರುವ ಆ ಎಲೆ... ನಮ್ಮ ಕಾಡು ಬಾದಾಮಿ! ಶಾಲೆಯ ಅಂಗಳದಲ್ಲಿ ಕಲ್ಲು ಬೀರಿ ಕಾಯಿ ಉದುರಿಸಿ, ಜಜ್ಜಿ ತಿರುಳು ತಿಂದಿದ್ದೆವಲ್ಲ, ಅದೇ ಮರ!

ಒಣಗಿದ ಒಂದೆಲೆ ತೊಳೆದು ತೊಟ್ಟಿಗೆ ಬಿಟ್ಟು ನೋಡಿ. ಮೊದಲೆರಡು ದಿನ ದೋಣಿಯಂತೆ ತೇಲುತ್ತದೆ. ಆಮೇಲೆ ಅಂಚು ಭಾರವಾಗಿ, ವಾಲಿ, ಮೆಲ್ಲಗೆ ತಳ ಸೇರುತ್ತದೆ. ಅದರ ಸುತ್ತ ಕಂದು ಹೊಗೆಯಂತೆ ಬಣ್ಣ ಬಿಡುತ್ತದೆ. ಮೇಲೆ ಲೋಳೆ ಕಟ್ಟುತ್ತದೆ. ಮೀನುಗಳು ಬಂದು ಮುತ್ತಿಕೊಂಡು ಕುಟುಕುತ್ತವೆ! ವಾರಗಳು ಕಳೆದಂತೆ ಉಳಿಯುವುದು ನರಗಳ ಜಾಲರಿ ಮಾತ್ರ. ಕುಸುರಿ ಕೆಲಸ!

ಹೊಗೆ ಕುಡಿದ ರಸ್ತೆಬದಿಯ ಮರದ್ದು ಬೇಡ. ನಾನು ಹೋಗುವುದು ಹಿಂದಿನ ಬೀದಿಯ ಮೈದಾನಕ್ಕೆ, ಬೆಳಗ್ಗೆ ಆರಕ್ಕೇ. ತಡವಾದರೆ ಎಲೆಯೆಲ್ಲ ಕಸದ ಗಾಡಿಗೆ! ಮೊನ್ನೆ ಗುಡಿಸುತ್ತಿದ್ದ ಅಕ್ಕ ತಡೆಯಲಾರದೆ ಕೇಳಿಯೇಬಿಟ್ಟರು.

"ಯಾಕಣ್ಣ, ದಿನಾ ಎಲೆ ಆರಿಸ್ತೀಯಲ್ಲ?"

"ಮೀನಿಗೆ ಅಕ್ಕ."

ಪೊರಕೆ ನಿಂತಿತು. "ನಾವು ಹುಣಸೆಹಣ್ಣು ಹಾಕೋದು. ಇದು ಹಾಕಿದ್ರೆ ಸಾರು ಹುಳಿ ಬರುತ್ತಾ?"