ಉಣ್ಣೆಯೂ ಕೃತಕ ತಂತುವೂ: ಶೀತಯಾತ್ರೆಯ ಉಡುಪಿನ ವಿಚಾರ

ಉಡುಪು ಮೈಗೆ ಶಾಖವನ್ನು ಕೊಡುವುದೆಂಬುದು ಲೋಕರೂಢಿಯ ಮಾತು. ವಾಸ್ತವವಾಗಿ ಅದು ಮೈಯಲ್ಲಿ ಹುಟ್ಟಿದ ಶಾಖವು ಹೊರಗೆ ಹೋಗದಂತೆ ತಡೆಯುತ್ತದೆ. ಆ ತಡೆಯೂ ಎಳೆಗಳ ನಡುವೆ ನಿಶ್ಚಲವಾಗಿ ನಿಂತ ಗಾಳಿಯ ಕೆಲಸ. ಆದುದರಿಂದಲೇ ದಪ್ಪವಾದ ಒಂದು ಅಂಗಿಗಿಂತ ಒಂದರ ಮೇಲೊಂದು ತೊಟ್ಟ ತೆಳುವಾದ ಮೂರು ಅಂಗಿಗಳು ಲೇಸು.

ಒಣಗಿರುವಾಗ, ದಪ್ಪವು ಸಮವಾಗಿದ್ದರೆ, ಉಣ್ಣೆಗೂ ಪಾಲಿಯೆಸ್ಟರಿಗೂ ಹೆಚ್ಚಿನ ಅಂತರವಿಲ್ಲ. ಅಂತರವು ತಲೆದೋರುವುದು ತೇವದಲ್ಲಿ. ನೀರು ಗಾಳಿಗಿಂತ ಸುಮಾರು 25 ಪಾಲು ಹೆಚ್ಚಾಗಿ ಶಾಖವನ್ನು ಸಾಗಿಸುತ್ತದೆ. ಏರುವಾಗ ಬೆವರಿ, ಶಿಖರದ ಗಾಳಿಯಲ್ಲಿ ನಿಂತವನಿಗೆ ಆ ಬೆವರೇ ಪ್ರಾಣಾಪಾಯವನ್ನು ತರಬಲ್ಲುದು.

ಉಣ್ಣೆಯ ಎಳೆಯು ತನ್ನ ತೂಕದ ಸುಮಾರು 30 ಪಾಲು ನೂರರಷ್ಟು ನೀರಾವಿಯನ್ನು ಒಳಗೆ ಹೀರಿಕೊಂಡರೂ ಮುಟ್ಟಿದರೆ ಒದ್ದೆಯೆನಿಸದು. ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಉಡುಪು ಶಾಖವನ್ನು ಕೊಡದೆಂಬ ಮಾತಿಗೆ ಇದೊಂದು ಅಲ್ಪ ಅಪವಾದ. ನೆನೆದರೂ ಅದರ ಸುರುಳಿಯು ಪೂರ್ತಿಯಾಗಿ ಕುಗ್ಗದು. ಮಲೆನಾಡಿನ ಮಳೆಯಲ್ಲಿ ಕಂಬಳಿಕೊಪ್ಪೆಯು ಉಪಯೋಗಕ್ಕೆ ಬಂದುದು ಈ ಗುಣದಿಂದಲೇ. ಆದರೆ ನೆನೆದ ಉಣ್ಣೆಯು ಭಾರ, ಒಣಗುವುದೂ ನಿಧಾನ.

ಪಾಲಿಯೆಸ್ಟರಿನ ಎಳೆಯು ಹೀರುವುದು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ನೀರು ಎಳೆಗಳ ನಡುವೆ ಮಾತ್ರ ನಿಲ್ಲುವುದರಿಂದ ಬಟ್ಟೆ ಬೇಗನೆ ಒಣಗುತ್ತದೆ, ಬಾಳಿಕೆಯೂ ಹೆಚ್ಚು. ಬೆವರಿನ ನಾತವನ್ನು ಹಿಡಿದಿಡುವುದು ಅದರ ದೋಷ. ಬೆಂಕಿಯ ಕಿಡಿ ತಗುಲಿದರೆ ಅದು ಕರಗಿ ಚರ್ಮಕ್ಕೆ ಅಂಟಿಕೊಳ್ಳುವುದು ಅದಕ್ಕಿಂತ ದೊಡ್ಡ ದೋಷ.

ಕೃತಕ ತಂತುವಿಲ್ಲದೆ ಮಹಾಪರ್ವತವನ್ನು ಏರಲಾಗದೆಂದು ಭಾವಿಸತಕ್ಕದ್ದಲ್ಲ. ನೈಲಾನು ಹುಟ್ಟಿದ್ದು 1935ರಲ್ಲಿ, ಪಾಲಿಯೆಸ್ಟರ್ ನೂಲು 1941ರಲ್ಲಿ. 1924ರಲ್ಲಿ ಎವರೆಸ್ಟಿನ ಮೇಲೆ ಕಣ್ಮರೆಯಾದ ಜಾರ್ಜ್ ಮ್ಯಾಲರಿಯ ದೇಹವು 1999ರಲ್ಲಿ ದೊರೆತಾಗ, ಅದರ ಮೇಲೆ ರೇಷ್ಮೆ, ಹತ್ತಿ, ಉಣ್ಣೆಗಳ ಹಲವು ಪದರಗಳೂ ಗ್ಯಾಬರ್ಡೀನಿನ ಹೊದಿಕೆಯೂ ಇದ್ದುವು. 2006ರಲ್ಲಿ ಅವುಗಳ ಪ್ರತಿಕೃತಿಗಳನ್ನು ಆ ಪರ್ವತದಲ್ಲಿಯೇ ತೊಟ್ಟು ಪರೀಕ್ಷಿಸಲಾಗಿ, ಅವು ಹಗುರವಾಗಿಯೂ ಚಲನೆಗೆ ಅನುಕೂಲವಾಗಿಯೂ ಕಂಡುಬಂದುವು.

ಹೀಗಿರಲು ಯಾವುದು ಉತ್ತಮವೆಂದು ಕೇಳುವುದಕ್ಕಿಂತ ಯಾವ ಯಾತ್ರೆಗೆ ಎಂದು ಕೇಳುವುದು ಯುಕ್ತ. ಒಗೆಯಲು ಅವಕಾಶವಿಲ್ಲದೆ ಹಲವು ದಿನ ನಿಧಾನವಾಗಿ ನಡೆಯುವವನಿಗೆ, ಒಲೆಯ ಬಳಿ ಕೂರುವವನಿಗೆ, ಮೈಗೆ ತಾಗುವ ಪದರವು ಉಣ್ಣೆಯದಾಗಿರಲಿ. ವೇಗದಿಂದೇರಿ ಧಾರಾಳವಾಗಿ ಬೆವರುವವನಿಗೆ, ಮೇಲಿಂದ ಮೇಲೆ ನೆನೆಯುವವನಿಗೆ ಕೃತಕ ತಂತು ಮೇಲು. ಎರಡರ ಮೇಲೂ ಗಾಳಿಯನ್ನು ತಡೆಯುವ ಹೊರಪದರವು ಅವಶ್ಯ. ಅದಿಲ್ಲದಿದ್ದರೆ ಒಳಗೆ ನಿಂತ ಗಾಳಿಯೂ ನಿಲ್ಲದು.