ಶಹಬ್ಬಾಸ್‌ಗಿರಿಯೂ ಸಂಬಳವೂ

ಕನಕದಾಸರ 'ರಾಮಧಾನ್ಯ ಚರಿತೆ'ಯನ್ನು ಉಳ್ಳವರು ಮತ್ತು ಇಲ್ಲದವರ ಕಥೆಯೆಂದು ಓದುವುದು ವಾಡಿಕೆ. ಅದು ಸರಿಯೇ. ಆದರೆ ದುಡಿಯುವವರನ್ನು ಹೇಗೆ ಗುರುತಿಸಬೇಕೆಂಬ ಪಾಠವೂ ಅದರಲ್ಲಿ ಅಡಗಿದೆ. ಭತ್ತಕ್ಕೂ ರಾಗಿಗೂ ಹಿರಿಮೆಯ ಜಗಳ ಹತ್ತುತ್ತದೆ. ರಾಮ ಅವಸರದಿಂದ ತೀರ್ಪು ಕೊಡದೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅವಧಿ ಮುಗಿದಾಗ ಭತ್ತ ಕಾಂತಿಗುಂದಿರುತ್ತದೆ, ರಾಗಿ ಗಟ್ಟಿಯಾಗಿಯೇ ಉಳಿದಿರುತ್ತದೆ. ಆಗ ತುಂಬಿದ ಸಭೆಯಲ್ಲಿ ರಾಮ ಅದಕ್ಕೆ ಕೊಡುವುದು ಹೊನ್ನಲ್ಲ, ತನ್ನದೇ ಹೆಸರು. ರಾಘವನ ಹೆಸರಿನಿಂದ ಅದು ರಾಗಿಯಾಯಿತೆಂಬುದು ಕಥೆ. ಕವಿ ನೆಲೆನಿಂತ ಕಾಗಿನೆಲೆಯೋ ಜೋಳದ ರೊಟ್ಟಿಯ ಸೀಮೆ! ಆದರೂ ಮಾನ ಸಂದದ್ದು ರಾಗಿಗೆ.

ಈ ಕಾಗಿನೆಲೆ ಇರುವುದು ಬ್ಯಾಡಗಿ ತಾಲೂಕಿನಲ್ಲಿ. ಬ್ಯಾಡಗಿ ಎಂದೊಡನೆ ನೆನಪಾಗುವುದು ಮೆಣಸಿನಕಾಯಿ. ಖಾರ ಕಡಿಮೆ, ಬಣ್ಣ ಹೆಚ್ಚು. ಡಬ್ಬಿ, ಕಡ್ಡಿ ಎಂಬ ಅದರ ತಳಿಗಳು ದೇಶದಾಚೆಗೂ ಪರಿಚಿತ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತ ಮೇಲಂತೂ ಊರಿನ ಹೆಸರು ಕಾಯಿಗೆ ಕಾನೂನಿನಂತೆಯೇ ಅಂಟಿಕೊಂಡಿತು. ಆದರೆ ಆ ಕಾಯಿ ಚೀಲದಿಂದ ಗಿರಣಿಗೋ ಬಣ್ಣ ತೆಗೆಯುವ ಕಾರ್ಖಾನೆಗೋ ಹೋಗುವ ಮುನ್ನ ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳ ಕೈದಾಟಿ ಹೋಗಬೇಕು. ರಾಶಿಯ ಮುಂದೆ ಕುಳಿತು ತೊಟ್ಟು ತೆಗೆಯುವುದು, ಈ ಕಡೆಯ ಮಾತಿನಲ್ಲಿ ತುಂಬು ಬಿಡಿಸುವುದು, ಅವರ ಕೆಲಸ. ಕೂಲಿ ಕಿಲೋ ಲೆಕ್ಕದಲ್ಲಿ. ಘಾಟಿಗೆ ಸೀನು, ಕೆಮ್ಮು. ಕೈ ಉರಿ ಮನೆಗೆ ಹೋದ ಮೇಲೂ ಇಳಿಯುವುದಿಲ್ಲ. ಇಲ್ಲಿಯ ಬಣ್ಣ ಎಲ್ಲಿಯದೋ ತಿನಿಸಿಗೆ, ತುಟಿರಂಗಿಗೆ ಸೇರುತ್ತದೆ. ಬಿಡಿಸಿದ ಕೈಯ ಹೆಸರು ಹೆಚ್ಚೆಂದರೆ ಕೂಲಿಯ ವಹಿಯಲ್ಲಿ ಉಳಿದೀತು.

ದೀಪಾವಳಿಯ ಲಕ್ಷ್ಮೀಪೂಜೆಗೆ ಅಂಗಡಿಯ ಆಳುಗಳಿಗೆ ಬಟ್ಟೆ, ಸಿಹಿ, ಕೈಗಷ್ಟು ರೊಕ್ಕ ಕೊಡುವುದು ಉತ್ತರ ಕರ್ನಾಟಕದ ಪೇಟೆಗಳ ಹಳೆಯ ಪದ್ಧತಿ. ಒಳ್ಳೆಯದೇ. ಆದರೆ ಅದು ಹಬ್ಬದ ಪಾಲು. ಎಲ್ಲರಿಗೂ ಒಂದೇ ಸಮ. "ಈ ರಾಶಿ ಯಾರ ಕೈಯಾಗಿಂದು? ಒಂದೂ ತುಂಬು ಉಳದಿಲ್ಲಲ್ಲ, ಅಕ್ಕಾರ!" ಎಂದು ಮಾಲೀಕ ನಾಲ್ಕು ಜನರೆದುರು ಕೇಳಿದನೆನ್ನಿ. ಅದು ಬೇರೆಯೇ. ಅಲ್ಲಿ ಕೆಲಸವನ್ನು ಕಣ್ಣಿಟ್ಟು ನೋಡಿದ್ದಾರೆ, ಮಾಡಿದವರನ್ನು ಹುಡುಕಿದ್ದಾರೆ, ಮುಗಿದ ಗಳಿಗೆಯಲ್ಲೇ ಹೇಳಿದ್ದಾರೆ. ನಮ್ಮ ಕಚೇರಿಗಳಲ್ಲಿ ಇದು ಅಪರೂಪ. ಮೂವತ್ತು ವರ್ಷ ತುಟಿ ಬಿಚ್ಚದವರು ನಿವೃತ್ತಿಯ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ತಾಸುಗಟ್ಟಲೆ ಹೊಗಳುತ್ತಾರೆ!

ಅಮೆರಿಕದ ಮನಃಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಪಿಟ್ಸ್‌ಬರ್ಗ್ ಸುತ್ತಿನ ಇನ್ನೂರಕ್ಕೂ ಹೆಚ್ಚು ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಮಾತನಾಡಿಸಿ 1959ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಕೆಲಸದಲ್ಲಿ ತುಂಬ ಸಂತೋಷಪಟ್ಟ ಸಂದರ್ಭ ಯಾವುದೆಂದು ಕೇಳಿದಾಗ, ಏನನ್ನೋ ಸಾಧಿಸಿದ್ದು ಮತ್ತು ಅದನ್ನು ಇತರರು ಗುರುತಿಸಿದ್ದು ಮತ್ತೆಮತ್ತೆ ಬಂದವು. ಬೇಸರದ ಸಂದರ್ಭಗಳಲ್ಲಿ ಸಂಸ್ಥೆಯ ನೀತಿ, ಮೇಲ್ವಿಚಾರಣೆಯ ರೀತಿ, ಸಂಬಳದಂಥವು ಕಾಣಿಸಿಕೊಂಡವು. ಆದರೆ ಹೊಗಳಿಕೆಯ ಖುಷಿ ಬಹುಕಾಲ ಬಾಳುವುದಿಲ್ಲ, ಕೈಗೆ ಬಂದ ಜವಾಬ್ದಾರಿಯ ಖುಷಿ ಬಾಳುತ್ತದೆ ಎಂಬುದನ್ನೂ ಅವರು ಕಂಡರು. ಹೊಸ ಹುಡುಗಿಯರಿಗೆ ಕೆಲಸ ಕಲಿಸುವ ಹೊಣೆಯನ್ನು ಅದೇ ಅಕ್ಕನಿಗೆ, ಅದಕ್ಕೆ ತಕ್ಕ ಕೂಲಿಯೊಂದಿಗೆ ಒಪ್ಪಿಸಿದರೆ ಆ ಶಹಬ್ಬಾಸ್‌ಗಿರಿ ಹೆಚ್ಚು ದಿನ ನಿಂತೀತು.

ಕೂಲಿಯ ಮಾತನ್ನು ಇಲ್ಲಿ ಬಿಡುವಂತಿಲ್ಲ. ಮೆಚ್ಚುಗೆ ಕಾಸಿಲ್ಲದೆ ಸಿಗುತ್ತದೆ. ಆದ್ದರಿಂದಲೇ ಕಾಸು ಕೊಡಬೇಕಾದವರಿಗೆ ಅದು ಬಲು ಪ್ರಿಯ. ಇದಕ್ಕೆ ಉದಾಹರಣೆ ಪ್ರತಿ ವಿದ್ಯಾರ್ಥಿಯ ಕಣ್ಣೆದುರಿಗೇ ಇದೆ. ಅಕ್ಷರ ದಾಸೋಹ 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. ಅದರ ಬಿಸಿಯೂಟ ಬೇಯಿಸುವ ತಾಯಂದಿರು ಪಡೆಯುವುದು ವೇತನವಲ್ಲ, 'ಗೌರವಧನ'. ಹೆಸರಿನಲ್ಲೇ ಗೌರವವಿದೆ, ಮೊತ್ತದಲ್ಲಿ ಮಾತ್ರ ಹುಡುಕಬೇಕು. ಕನಿಷ್ಠ ವೇತನ ಕೊಡಿರೆಂದು ಅವರು ಬೀದಿಗಿಳಿದದ್ದು ಒಂದೆರಡು ಸಲವಲ್ಲ. ರಾಗಿಗೆ ರಾಮ ಹೆಸರು ಕೊಟ್ಟನೆಂದರೆ ಅದರ ಪಾಲು ಕಿತ್ತುಕೊಂಡು ಕೊಟ್ಟನೆಂದು ಕನಕದಾಸರು ಬರೆದಿಲ್ಲ.

ನಿಮ್ಮ ಮಗನನ್ನೋ ಮಗಳನ್ನೋ ಶಾಲೆಯ ಅಡುಗೆಯವರ ಹೆಸರೇನೆಂದು ಕೇಳಿ ನೋಡಿ. "ಅಡಿಗಿ ಆಂಟಿ" ಎಂಬ ಉತ್ತರ ಬಂದರೆ ಮರುದಿನ ಹೆಸರು ಕೇಳಿಕೊಂಡು ಬರಲು ಹೇಳಬಹುದು. ಎಸ್‌ಡಿಎಂಸಿ ಸಭೆಗೆ ಹೋಗುವ ತಂದೆತಾಯಿಗಳಿಗೆ ಇನ್ನೊಂದು ದಾರಿಯುಂಟು. ಯಾವ ದಿನ, ಯಾರು, ಎಷ್ಟು ಮಕ್ಕಳಿಗೆ, ಯಾವ ಅಡಚಣೆಯ ನಡುವೆ ಹೊತ್ತಿಗೆ ಸರಿಯಾಗಿ ಉಣಬಡಿಸಿದರೆಂಬುದನ್ನು ಹೆಸರು ಸಹಿತ ನಡಾವಳಿ ಪುಸ್ತಕದಲ್ಲಿ ಬರೆಸಬಹುದು. ಅವರ ಗೌರವಧನ ತಡವಾಗಿದ್ದರೆ ಅದನ್ನೂ ಅದೇ ಪುಟದಲ್ಲಿ, ಅದರ ಕೆಳಗಿನ ಸಾಲಿನಲ್ಲೇ ಬರೆಸಬಹುದು.